ಅನಾಥ ಹಾಳೆಗಳ ಪೆಟ್ಟಿಗೆ

ಆ ಮನೆಯಲ್ಲಿ ಕೈಬರಹದ ನೂರ ಎಂಬತ್ತೇಳು ಪುಸ್ತಕಗಳಿದ್ದವು. ಪಾರಸಿಯವು ಹೆಚ್ಚು, ಅರಬ್ಬಿಯವು ಸ್ವಲ್ಪ ಕಡಿಮೆ. ಅವುಗಳಲ್ಲಿ ಒಂದು ಸಾಲನ್ನಾದರೂ ಓದಬಲ್ಲವರು ಮನೆಯಲ್ಲಿ ಒಬ್ಬರೂ ಇರಲಿಲ್ಲ. ಮೂರು ತಲೆಮಾರಿನಿಂದಲೂ ಇರಲಿಲ್ಲ. ನಗುವವರು ಈಗಲೇ ನಕ್ಕು ಮುಗಿಸಲಿ, ಆ ಮನೆಯವರೇನೂ ಇದನ್ನು ಮುಚ್ಚಿಟ್ಟವರಲ್ಲ. ಬಂದವರಿಗೆಲ್ಲ ನಾಲ್ಕು ಬೀರುಗಳ ಬಾಗಿಲು ತೆರೆದು ತೋರಿಸಿ, "ನಮ್ಮ ಮುತ್ತಜ್ಜ ಇದನ್ನೆಲ್ಲ ಓದ್ತಿದ್ರು" ಎಂದು ಎದೆಯುಬ್ಬಿಸಿ ಹೇಳಿ, ಮತ್ತೆ ಬಾಗಿಲು ಹಾಕಿ ಬೀಗ ಜಡಿಯುತ್ತಿದ್ದರು.

ಮುತ್ತಜ್ಜ ಬಿಳಿ ದೊರೆಗಳ ಕಾಲದಲ್ಲಿ ಅವರ ಕಚೇರಿಯಲ್ಲಿ ಮುನ್ಶಿಯಾಗಿದ್ದವರು. ಹಳೆಯ ಆಡಳಿತದ ಕಾಗದಪತ್ರಗಳೆಲ್ಲ ಪಾರಸಿಯಲ್ಲಿದ್ದವು, ದೊರೆಗಳಿಗೆ ಅದು ಬಾರದು. ಓದಿ ಹೇಳುವುದು, ಉತ್ತರ ಬರೆಯುವುದು ಮುನ್ಶಿಯ ಕೆಲಸ. ಸಂಬಳ ಬಂದ ದಿನ ಬೇರೆಯವರು ಬಟ್ಟೆಬರೆ ಕೊಂಡರೆ ಇವರು ಪುಸ್ತಕ ಕೊಳ್ಳುತ್ತಿದ್ದರು. ವರ್ಗವಾಗಿ ಹೋದ ಊರುಗಳಿಂದೆಲ್ಲ ಗಾಡಿಯಲ್ಲಿ ಹೇರಿಕೊಂಡು ಬಂದರು. ಕಣ್ಣು ಮುಚ್ಚುವ ಮುಂಚೆ ಮನೆಯ ಭಾಷೆಯಲ್ಲೇ ಒಂದು ಪಟ್ಟಿ ಬರೆದಿಟ್ಟರು: ಪುಸ್ತಕದ ಸಂಖ್ಯೆ, ರಟ್ಟಿನ ಬಣ್ಣ, ಉದ್ದಗಲ, ಒಳಗೆ ಎಷ್ಟು ಹಾಳೆ. ಒಳಗೆ ಏನು ಬರೆದಿದೆ ಅನ್ನುವುದನ್ನು ಮಾತ್ರ ಬರೆಯಲಿಲ್ಲ. ಮಕ್ಕಳು ಮೊಮ್ಮಕ್ಕಳು ಹೇಗೂ ಓದಿಕೊಳ್ಳುತ್ತಾರೆ ಎಂದುಕೊಂಡರೋ ಏನೋ, ಪುಣ್ಯಾತ್ಮರು.

ಮಕ್ಕಳು ಮೊಮ್ಮಕ್ಕಳು ಓದಲಿಲ್ಲ, ಗಾಳಿ ಹಾಕಿದರು. ವರ್ಷಕ್ಕೊಂದು ಸಲ, ಮಳೆಗಾಲ ಕಳೆದು ಗಾಳಿ ಒಣಗಿದ ಮೇಲೆ, ನಡುಮನೆಯಲ್ಲಿ ಜಮಖಾನ ಹಾಸಿ ಅಷ್ಟೂ ಪುಸ್ತಕಗಳನ್ನು ಇಳಿಸಿ, ಮನೆಮಂದಿಯೆಲ್ಲ ಸುತ್ತ ಕೂತು ಒಂದೊಂದೇ ಹಾಳೆ ಮಗುಚಿ ಹುಳ ಝಾಡಿಸಿ ಇಡುವುದು. ಹಳೆಯ ಹೊಲಿಗೆ, ಕೊಳೆತ ದಾರ. ಮಗುಚುವಾಗ ಅಲ್ಲೊಂದು ಇಲ್ಲೊಂದು ಹಾಳೆ ಕೈಗೇ ಬಂದುಬಿಡುತ್ತಿತ್ತು, ಇಲ್ಲವೇ ಜಮಖಾನದ ಮೇಲೆ ಯಾರಿಗೂ ಕಾಣದಂತೆ ಬಿದ್ದಿರುತ್ತಿತ್ತು. "ಇದು ಯಾವುದರಿಂದ ಬಿತ್ತು?" ಎಂದರೆ "ನನ್ನದರಿಂದ ಅಲ್ಲಪ್ಪ" ಎಂದು ಎಲ್ಲರೂ ಕೈ ಝಾಡಿಸುತ್ತಿದ್ದರು. ಓದಲು ಬಂದಿದ್ದರೆ ತಾನೇ ಮತ್ತೆ ಜಾಗದಲ್ಲಿ ಇಡುವುದು? ಎಸೆಯಲು ಮನಸ್ಸು ಬಾರದು. ಹಾಗಾಗಿ ಬಿದ್ದ ಹಾಳೆಯನ್ನು ಭಕ್ತಿಯಿಂದ ಎತ್ತಿ ಒಂದು ತಗಡಿನ ಪೆಟ್ಟಿಗೆಗೆ ಹಾಕುವುದು ರೂಢಿಯಾಯಿತು. ಮನೆಯವರು ಅದನ್ನು ಅನಾಥರ ಪೆಟ್ಟಿಗೆ ಎನ್ನುತ್ತಿದ್ದರು. ಪುಸ್ತಕ ಕಾಪಾಡುತ್ತೇವೆ ಎಂದುಕೊಂಡೇ ನೂರು ವರ್ಷ ಪುಸ್ತಕಗಳನ್ನು ಬಿಡಿಸುತ್ತ ಬಂದ ಮನೆತನ ಬೇರೆ ಎಲ್ಲಾದರೂ ಇದೆಯೋ ಇಲ್ಲವೋ, ಕಾಣೆ.

ಈ ಪೆಟ್ಟಿಗೆಯ ಪಕ್ಕದಲ್ಲೇ ಮಂಚ ಹಾಕಿಕೊಂಡಿದ್ದವಳು ಮೊಳೆ ಅತ್ತೆ. ಆ ಹೆಸರು ಅಣ್ಣನ ಮಕ್ಕಳು ಇಟ್ಟದ್ದು. ಹದಿನೇಳನೇ ವಯಸ್ಸಿಗೆ ಅಚ್ಚುಕೂಟಕ್ಕೆ ಸೇರಿ ಮೂವತ್ತೆಂಟು ವರ್ಷ ಸೀಸದ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿದವಳು. ಮದುವೆಯ ಕಾಗದ, ಪರೀಕ್ಷೆಯ ಪ್ರಶ್ನೆಪತ್ರಿಕೆ, ಔಷಧಿ ಸೀಸೆಯ ಚೀಟಿ, ಸತ್ತವರ ಸುದ್ದಿ, ಎಲ್ಲವೂ ಅವಳ ಬೆರಳಿನ ಕೆಳಗಿಂದಲೇ ಹೊರಗೆ ಹೋಗಬೇಕು. ತನ್ನ ಮದುವೆಯ ಕಾಗದ ಮಾತ್ರ ಜೋಡಿಸಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಕೆಲಸ ಜಾಸ್ತಿ ಇತ್ತು, ಮರೆತುಹೋಯ್ತು" ಎಂದು ಹೆಗಲು ಕುಣಿಸಿ ಸದ್ದಿಲ್ಲದೆ ನಗುತ್ತಿದ್ದಳು. ಕಂಪ್ಯೂಟರ್ ಬಂದು ಅಚ್ಚುಕೂಟ ಬಾಗಿಲು ಹಾಕಿದ ಮೇಲೆ ಅಣ್ಣನ ಮನೆಗೆ ಬಂದಳು. ಮಹಡಿಯ ಕೋಣೆಯೇ ಅವಳಿಗೆ ಸಿಕ್ಕಿತು. ಹಳೇ ಕಾಗದದ ವಾಸನೆಗೆ ಅಲ್ಲಿ ಬೇರೆ ಯಾರೂ ಮಲಗಲು ಒಪ್ಪುತ್ತಿರಲಿಲ್ಲ, ಅವಳಿಗೆ ಆ ವಾಸನೆಯೇ ನಿದ್ದೆ ಬರಿಸುತ್ತಿತ್ತು.

ಐದು ವರ್ಷದಲ್ಲಿ ಪುಸ್ತಕಗಳೆಲ್ಲ ಅವಳಿಗೆ ಮುಖಪರಿಚಯವಾದವು. ಓದಲು ಬಾರದಿದ್ದರೇನು, ಹೆಸರಿಡಲು ಬರುತ್ತಿತ್ತಲ್ಲ. ತೆರೆದ ಕೂಡಲೇ ಕೆಮ್ಮು ಬರಿಸುವುದು ಕೆಮ್ಮಪ್ಪ. ಕೆಂಪು ಗೆರೆಗಳ ನಡುವೆ ಅಚ್ಚುಕಟ್ಟಾಗಿ ಬರೆದದ್ದು ಮೇಷ್ಟ್ರು. ಬಂಗಾರದ ಬಣ್ಣದ ಬಳ್ಳಿ ಬಿಡಿಸಿದ್ದು ಮದುಮಗಳು. ಅಂಗೈಯಗಲದ ಹಳದಿ ಪುಸ್ತಕವೊಂದಿತ್ತು, ಅದು ಹಳದಿ ಸಣ್ಣಪ್ಪ. ದಿನಾ ಬೆಳಗ್ಗೆ ಮೆತ್ತನೆ ಬ್ರಶ್ಶಿನಲ್ಲಿ ಧೂಳು ಹೊಡೆಯುತ್ತ ಇವರನ್ನೆಲ್ಲ ಮಾತಾಡಿಸುತ್ತಿದ್ದಳು. ಕೆಳಗಿನಿಂದ ಅತ್ತಿಗೆ, "ಯಾರ ಹತ್ರ ಅದು ಮಾತು?" ಎಂದು ಕೂಗಿದರೆ, "ನೆಂಟರು ಬಂದಿದ್ದಾರೆ ಅತ್ತಿಗೆ" ಎನ್ನುವಳು.

ಹೀಗಿರುವಾಗ ತಮ್ಮ ಬಂದ. ತಮ್ಮನದು ಪೀಠೋಪಕರಣದ ಅಂಗಡಿ. ಒಳ್ಳೆಯವನೇ, ಆದರೆ ಯಾವ ವಸ್ತು ಕಂಡರೂ ಅದನ್ನು ಗಾಜಿನ ಹಿಂದೆ ನಿಲ್ಲಿಸಿದರೆ ಹೇಗೆ ಕಾಣುತ್ತದೆ ಎಂದೇ ಅವನ ಯೋಚನೆ. ಹೊಸ ಮನೆ ಕಟ್ಟಿಸಿದ್ದ. ಹಜಾರಕ್ಕೆ ಮುತ್ತಜ್ಜನ ಪುಸ್ತಕಗಳು ಬೇಕೆಂದ.

"ಮೂರು ಪಾಲು ಮಾಡೋಣ ಅಣ್ಣ. ನಿನಗೊಂದು, ನನಗೊಂದು, ಅಕ್ಕನಿಗೊಂದು. ಅರವತ್ತೆರಡು, ಅರವತ್ತೆರಡು, ಅರವತ್ತಮೂರು. ಆ ಹೆಚ್ಚಿನ ಒಂದನ್ನ ನೀನೇ ಇಟ್ಕೊ, ಹಿರಿಯ."

"ಪೆಟ್ಟಿಗೆ?" ಎಂದಳು ಮೊಳೆ ಅತ್ತೆ.

"ಅದು ಚೂರುಪಾರು ಅಲ್ವಾ ಅಕ್ಕ. ಅದನ್ನ ಯಾರು ಇಟ್ಕೋತಾರೆ?"

ಅಣ್ಣ ನಿವೃತ್ತ ಹೆಡ್‌ಮಾಸ್ಟರು. ಮುತ್ತಜ್ಜನ ಹೆಸರೆತ್ತಿದರೆ ಕೂತಲ್ಲಿಂದ ಎದ್ದು ನಿಲ್ಲುವ ಪೈಕಿ. ಆ ಪಟ್ಟಿಯನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದ, ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಪಾಲು ಮಾಡುವುದು ಅವನಿಗೆ ಜಪ್ಪಯ್ಯ ಅಂದರೂ ಒಪ್ಪಿಗೆಯಿಲ್ಲ. ಆದರೆ ತಮ್ಮನ ಮನಸ್ಸು ಮುರಿಯಲೂ ಇಷ್ಟವಿಲ್ಲ. ಕೊನೆಗೆ ಒಂದು ಮಾತಿಗೆ ಬಂದರು: ನಗರದ ದೊಡ್ಡ ಗ್ರಂಥಾಲಯಕ್ಕೆ ಕಾಗದ ಬರೆಯುವುದು. ಅವರು ಅಷ್ಟನ್ನೂ ಒಟ್ಟಿಗೆ, ಮುತ್ತಜ್ಜನ ಹೆಸರಿನಲ್ಲಿ ಇಟ್ಟುಕೊಳ್ಳುವುದಾದರೆ ಕೊಟ್ಟುಬಿಡುವುದು. ಇಲ್ಲವಾದರೆ ಮೂರು ಪಾಲು.

ಗ್ರಂಥಾಲಯದಿಂದ ಪಂಡಿತರು ಬಂದರು. ಕುಳ್ಳಗೆ, ದಪ್ಪ ಕನ್ನಡಕ, ಅಂಗಿಯ ಎರಡೂ ಜೇಬಿನಲ್ಲಿ ಪೆನ್ಸಿಲ್ಲು. ಬೀರು ತೆರೆದ ಕೂಡಲೇ ಅವರ ಮುಖ ಅರಳಿದ್ದೇನು, ಬೀರಿನೊಳಗೇ ತಲೆ ತೂರಿಸಿದ್ದೇನು. ಮೊಳೆ ಅತ್ತೆಗೆ ತನ್ನ ನೆಂಟರನ್ನು ಯಾರೋ ಮೆಚ್ಚಿಕೊಂಡಷ್ಟು ಸಂತೋಷವಾಯಿತು. ಪಂಡಿತರು ಪಟ್ಟಿ ಕೇಳಿದರು, ಅಣ್ಣ ಎರಡೂ ಕೈಯಲ್ಲಿ ಕೊಟ್ಟ. ಸುಮ್ಮನೆ ಮೂರು ಪುಸ್ತಕ ತೆಗೆದು ಹಾಳೆ ಎಣಿಸಿದರು. ಒಂದರಲ್ಲಿ ನಾಲ್ಕು ಕಡಿಮೆ, ಒಂದರಲ್ಲಿ ಎರಡು, ಇನ್ನೊಂದರಲ್ಲಿ ಒಂಬತ್ತು. ಉಳಿದ ಹಾಳೆಗಳೆಲ್ಲಿ ಎಂದರು. ಅತ್ತಿಗೆ ಪೆಟ್ಟಿಗೆಯ ಮುಚ್ಚಳ ಎತ್ತಿ ತೋರಿಸಿದರು. ಪಂಡಿತರು ತಲೆಯ ಮೇಲೆ ಕೈ ಹೊತ್ತು ಮಂಚದ ಮೇಲೆ ಕೂತುಬಿಟ್ಟರು.

"ನೋಡಿ, ನಮ್ಮ ಕಮಿಟಿಯವರದ್ದು ಒಂದೇ ಹಟ," ಎಂದರು ಸ್ವಲ್ಪ ಸುಧಾರಿಸಿಕೊಂಡು. "ಒಟ್ಟು ಸಂಗ್ರಹ ಅಂತ ತಗೋಬೇಕಾದ್ರೆ ಪಟ್ಟಿಯಲ್ಲಿರೋ ಲೆಕ್ಕಕ್ಕೂ ಪುಸ್ತಕಕ್ಕೂ ತಾಳೆ ಆಗ್ಬೇಕು. ಬಿಡಿ ಹಾಳೆ ಒಂದೂ ಬೇಡ. ಅವರು ನನ್ನ ಮಾತು ಕೇಳಲ್ಲ. ಓದೋಕೆ ಬರೋನು ಅಲ್ಲಿ ನಾನೊಬ್ಬನೇ, ಇದನ್ನೆಲ್ಲ ಸೇರಿಸ್ತಾ ಕೂತ್ರೆ ನನಗೆ ಎರಡು ವರ್ಷ ಬೇಕು. ಆರು ವಾರ ಬಿಟ್ಟು ಮತ್ತೆ ಬರ್ತೀನಿ. ಅಷ್ಟರಲ್ಲಿ ಏನಾದ್ರೂ ದಾರಿ ಕಂಡ್ರೆ ಸರಿ."

ತಮ್ಮ ಗಂಟಲು ಸರಿಮಾಡಿಕೊಂಡ. ಮೂರು ಪಾಲಿನ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು.

"ನಾನು ಸೇರಿಸ್ತೀನಿ," ಎಂದಳು ಮೊಳೆ ಅತ್ತೆ.

ಮನೆಯ ಪಂಚಾಯಿತಿಗಳಲ್ಲಿ ತುಟಿ ಪಿಟಕ್ಕೆನ್ನದೆ ಕೂತಿರುತ್ತಿದ್ದವಳು. ಎಲ್ಲರೂ ಅವಳ ಕಡೆ ತಿರುಗಿದರು. "ಓದೋಕೆ ಬರಲ್ವಲ್ಲೇ ನಿನಗೆ" ಎಂದ ಅಣ್ಣ. "ಬರಲ್ಲ" ಎಂದಳು ಅವಳು. ಈ ಪುಸ್ತಕಗಳು ಮೂರು ಮನೆಗೆ ಹರಿದು ಹಂಚಿಹೋಗಿ, ಪೆಟ್ಟಿಗೆ ಹಿತ್ತಿಲಿಗೆ ಹೋಗುವುದನ್ನು ನೋಡಿಕೊಂಡು ತಾನು ಬದುಕಿರಲಾರೆ ಎನ್ನುವುದಷ್ಟೇ ಅವಳಿಗೆ ಗೊತ್ತಿತ್ತು.

ಮಾರನೇ ದಿನ ಪೆಟ್ಟಿಗೆ ಬರಿದು ಮಾಡಿ ಎಣಿಸಿದಳು. ಇನ್ನೂರ ಅರವತ್ತಮೂರು ಹಾಳೆ. ಮೊದಲು ಅಳತೆ ಹಿಡಿದು ಬೇರೆ ಮಾಡಿದಳು, ಆಮೇಲೆ ಕಾಗದದ ಬಣ್ಣ, ಆಮೇಲೆ ಒಂದು ಪುಟಕ್ಕೆ ಎಷ್ಟು ಸಾಲು, ಶಾಯಿ ಕಪ್ಪೋ ಕಂದೋ. ಅಚ್ಚುಕೂಟದಲ್ಲಿ ಅಚ್ಚಾದ ಮೇಲೆ ಮೊಳೆ ಬಿಡಿಸಿ ಆಯಾ ಅಕ್ಷರದ ಖಾನೆಗೆ ಹಾಕಿದ ಕೈ ಅದು, ವಿಂಗಡಿಸುವುದರಲ್ಲಿ ಎತ್ತಿದ ಕೈ. ನಾಲ್ಕು ದಿನದಲ್ಲಿ ಯಾವ ಹಾಳೆ ಯಾವ ಪುಸ್ತಕದ್ದು ಎಂದು ಹೆಚ್ಚುಕಡಿಮೆ ಗೊತ್ತಾಯಿತು. ಆದರೆ ಪುಸ್ತಕದೊಳಗೆ ಎಲ್ಲಿ? ಕೆಮ್ಮಪ್ಪನ ಮುನ್ನೂರು ಹಾಳೆಗಳಲ್ಲಿ ಈ ಏಳು ಹಾಳೆ ಯಾವ ಸಂದಿನಿಂದ ಬಿದ್ದವು?

ಪುಣ್ಯಕ್ಕೆ ಅಜ್ಜ, ಎಂದರೆ ಮುನ್ಶಿಯ ಮಗ, ಕೆಲವು ಪುಸ್ತಕಗಳಿಗೆ ಸೀಸದಕಡ್ಡಿಯಲ್ಲಿ ಹಾಳೆಸಂಖ್ಯೆ ಹಾಕಿದ್ದ. ಅದನ್ನೇ ನಂಬಿ ಮೊಳೆ ಅತ್ತೆ ಒಂದು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಏನೂ ಕೂಡಿಬರಲಿಲ್ಲ. ಎಂಟನೇ ದಿನ ಅವಳಿಗೆ ಹೊಳೆಯಿತು. ಪಾರಸಿ ಪುಸ್ತಕ ಬಲಗಡೆಯಿಂದ ಶುರುವಾಗುತ್ತದೆ. ಅಜ್ಜ ಎಡಗಡೆಯಿಂದ ಎಣಿಸಿದ್ದ. ಮಹಾನುಭಾವ ಪುಸ್ತಕದ ಕೊನೆಯ ಹಾಳೆಗೆ ಒಂದು ಎಂದು ಬರೆದು, ಮೊದಲ ಹಾಳೆಗೆ ಬಂದು ಮುಗಿಸಿದ್ದ. ಅದೂ ಅಷ್ಟೊತ್ತಿಗಾಗಲೇ ಹಾಳೆಗಳು ಉದುರಿದ ಮೇಲೆ.

"ಅಜ್ಜ ಟೋಪಿ ಹಾಕಿದ್ರು ಅತ್ತಿಗೆ," ಎಂದು ಮೆಟ್ಟಿಲ ಮೇಲಿಂದ ಹೇಳಿದಳು.

"ಅವರು ಹೋಗಿ ಐವತ್ತು ವರ್ಷ ಆಯ್ತು, ಈಗ ಬೈದು ಏನು ಬಂತು? ಊಟಕ್ಕೆ ಇಳಿ."

ಊಟಕ್ಕೆ ಇಳಿಯಲಿಲ್ಲ. ಮೇಷ್ಟ್ರನ್ನು ತೊಡೆಯ ಮೇಲೆ ಇಟ್ಟುಕೊಂಡು, ಸೀಸದಕಡ್ಡಿಯ ಸಂಖ್ಯೆ ಕಡೆ ನೋಡದೆ, ಬಲದಿಂದ ಎಡಕ್ಕೆ ಒಂದೊಂದೇ ಹಾಳೆ ಮಗುಚಿದಳು. ಆಗ ಕಣ್ಣಿಗೆ ಬಿತ್ತು. ತೆರೆದ ಪುಸ್ತಕದ ಬಲಪುಟದಲ್ಲಿ, ಕೊನೆಯ ಸಾಲಿನ ಕೆಳಗೆ, ಎಡಮೂಲೆಯಲ್ಲಿ, ಒಂದೇ ಒಂದು ಪದ ಒಂಟಿಯಾಗಿ ಓರೆಯಾಗಿ ನಿಂತಿದೆ. ಐದು ವರ್ಷದಿಂದ ನೋಡುತ್ತಿದ್ದಳು, ಅಲಂಕಾರ ಎಂದುಕೊಂಡಿದ್ದಳು. ಅದೇ ಆಕಾರ, ಅದೇ ಬಾಲ, ಅದೇ ಮೂರು ಚುಕ್ಕೆ, ಎಡಪುಟದ ಮೊದಲ ಸಾಲಿನ ಮೊದಲಿಗೂ ಇದೆ. ಹಾಳೆ ಮಗುಚಿದಳು. ಅಲ್ಲೂ ಹಾಗೇ. ಇನ್ನೊಂದು ಹಾಳೆ, ಅಲ್ಲೂ ಹಾಗೇ. ಒಂದು ಕಡೆ ಮಾತ್ರ ಕೆಳಗಿನ ಪದ ಒಂದು, ಎದುರಿನ ಪುಟದ ಮೊದಲ ಪದ ಇನ್ನೊಂದು. ಅಲ್ಲಿಂದಲೇ ಹಾಳೆ ಬಿದ್ದಿತ್ತು.

ಈ ಕೆಲಸ ಮೊಳೆ ಅತ್ತೆಗೆ ಗೊತ್ತಿತ್ತು. ಅಚ್ಚುಕೂಟದಲ್ಲಿ ಅವಸರದ ಕೆಲಸ ಬಂದಾಗ ಒಂದೇ ಪುಸ್ತಕದ ಹಸ್ತಪ್ರತಿಯನ್ನು ಮೂರು ನಾಲ್ಕು ಜನರಿಗೆ ಹಂಚುತ್ತಿದ್ದರು. ಹಾಳೆಗಳು ಅದಲುಬದಲಾಗಬಾರದೆಂದು ಫೋರ್ಮನ್ ಒಬ್ಬೊಬ್ಬರ ಕೊನೆಯ ಹಾಳೆಯ ಅಡಿಯಲ್ಲಿ ಮುಂದಿನ ಹಾಳೆಯ ಮೊದಲ ಪದವನ್ನು ಕೆಂಪು ಪೆನ್ಸಿಲಿನಲ್ಲಿ ಗೀಚುತ್ತಿದ್ದ. ಅದೇ ಉಪಾಯ. ಯಾವುದೋ ಕಾಲದ, ಯಾವುದೋ ಊರಿನ ಬರಹಗಾರನೊಬ್ಬ, ಬರೆದ ಹಾಳೆಗಳನ್ನು ಹೊಲಿಯುವವನು ತಪ್ಪಿಸಬಾರದೆಂದು ಒಂದು ಪದ ಕೆಳಗೆ ಬಿಟ್ಟುಹೋಗಿದ್ದ. ಇದು ದೊಡ್ಡ ಪಂಡಿತರ ಕೆಲಸವಲ್ಲ, ಕೈಕೆಲಸದವರ ಕೆಲಸ. ತನ್ನಂಥವರ ಕೆಲಸ. ಆ ಬರಹಗಾರನ ಮುಖ ಕಾಣದಿದ್ದರೂ ಅವನು ಪಕ್ಕದ ಸ್ಟೂಲಿನ ಮೇಲೆ ಕೂತು ದುಡಿದವನೇ ಅನ್ನಿಸಿ, ಅವಳಿಗೆ ಅವನ ಮೇಲೆ ತುಂಬ ಪ್ರೀತಿ ಬಂತು.

ಅಲ್ಲಿಂದ ಮನೆಯೇ ಬದಲಾಯಿತು. ಪದಗಳಿಗೂ ಹೆಸರು ಬಂದವು. ಒಂದು ಕೊಕ್ಕರೆ, ಒಂದು ಸೌಟು, ಒಂದು ಮಗುಚಿದ ದೋಣಿ, ಒಂದು ಬಾಗಿದ ಅಜ್ಜಿ. ಅತ್ತಿಗೆ ಮೊದಲ ವಾರವೆಲ್ಲ "ಹುಚ್ಚು ಹತ್ತಿದೆ ಇವಳಿಗೆ" ಎಂದು ಮೂಗು ಮುರಿದವರು, ಒಂದು ಮಧ್ಯಾಹ್ನ ಹಣ್ಣಿನ ತಟ್ಟೆ ಕೊಡಲು ಮೇಲೆ ಬಂದು ಸುಮ್ಮನೆ ಬಗ್ಗಿ ನೋಡಿದರು.

"ಇದು ಆ ಕೊಕ್ಕರೆ ಅಲ್ಲ ಕಣೇ. ಅದಕ್ಕೆ ಹೊಟ್ಟೆ ಕೆಳಗೆ ಎರಡು ಚುಕ್ಕೆ, ಇದಕ್ಕೆ ಒಂದೇ."

ಮೊಳೆ ಅತ್ತೆ ಭೂತಗನ್ನಡಿ ಹಿಡಿದು ನೋಡಿದಳು. ಹೌದು, ಒಂದೇ. ಅತ್ತಿಗೆಯದು ನಲವತ್ತು ವರ್ಷ ಕಸೂತಿ ಹಾಕಿದ ಕಣ್ಣು. ಅಂದಿನಿಂದ ಒಲೆಯ ಮೇಲೆ ಏನಿಟ್ಟಿದ್ದಾರೆಂಬುದು ಅತ್ತಿಗೆಗೆ ನೆನಪಿರಲಿಲ್ಲ. ಅಣ್ಣ ಎರಡು ಸಲ ಸೀದ ಅನ್ನ ಉಂಡ, ಹಸ್ತಪ್ರತಿಯ ಕಾರಣಕ್ಕಾಗಿ ಎಂದು ಹೊಟ್ಟೆಗೆ ಹಾಕಿಕೊಂಡ. "ದೋಣಿ ಮೇಲೆ ಮೂರು ಚುಕ್ಕೆ, ಬಾಲ ಉದ್ದ" ಎಂದು ಮೊಳೆ ಅತ್ತೆ ಓದಿದರೆ, "ಬಂತು ಬಂತು, ಮದುಮಗಳಲ್ಲಿ ಇದೆ" ಎಂದು ಅತ್ತಿಗೆ ಕೂಗುವರು. ಇಬ್ಬರು ಹೆಂಗಸರು ಕೂತು ಅರಬ್ಬಿ ಪಾರಸಿಯನ್ನು ಹಕ್ಕಿ ಪಾತ್ರೆಗಳ ಲೆಕ್ಕದಲ್ಲಿ ತೀರಿಸುತ್ತಿದ್ದುದನ್ನು ಕಂಡು ಅಣ್ಣ ನಗಬೇಕೋ ಕೈ ಮುಗಿಯಬೇಕೋ ತಿಳಿಯದೆ ಬಾಗಿಲಲ್ಲೇ ನಿಂತಿರುತ್ತಿದ್ದ. ಹಿಂದೂ ಮುಂದೂ ಎರಡೂ ಕಡೆ ಪದ ತಾಳೆಯಾದರೆ ಮಾತ್ರ ಹಾಳೆ ಒಳಗೆ ಹೋಗಬೇಕು. ಮೊಳೆ ಅತ್ತೆಯದು ಅದೊಂದು ನಿಯಮ, ಅದರಲ್ಲಿ ರಾಜಿಯಿಲ್ಲ. ಸಾಲದ್ದಕ್ಕೆ ಹುಳ ಕೊರೆದ ತೂತುಗಳೂ ಪಕ್ಕದ ಹಾಳೆಗಳೊಂದಿಗೆ ಕೂಡಿಬರುತ್ತಿದ್ದವು. ಹುಳುವಿಗೂ ಕ್ರಮ ಗೊತ್ತಿತ್ತು, ಅಜ್ಜನಿಗೇ ಗೊತ್ತಿರಲಿಲ್ಲ.

ಪಂಡಿತರು ಬರುವುದಕ್ಕೆ ಎರಡು ದಿನ ಇದೆ ಎನ್ನುವಾಗ ಪೆಟ್ಟಿಗೆಯಲ್ಲಿ ಒಂದೇ ಹಾಳೆ ಉಳಿದಿತ್ತು. ಪೆಟ್ಟಿಗೆಯ ತಳಕ್ಕೆ ಅಂಟಿಕೊಂಡಿದ್ದು, ಎಲ್ಲಕ್ಕಿಂತ ಹಳೆಯದು. ಅಳತೆ ಹಳದಿ ಸಣ್ಣಪ್ಪನದು. ಆದರೆ ಸಣ್ಣಪ್ಪನಿಂದ ಬಿದ್ದಿದ್ದ ಮೂರು ಹಾಳೆಗಳನ್ನು ಆಗಲೇ ಸೇರಿಸಿ ಆಗಿತ್ತು, ಪಟ್ಟಿಯ ಪ್ರಕಾರ ನೂರ ಹದಿನೆಂಟು ಹಾಳೆ ಸರಿಯಾಗಿ ಇತ್ತು. ಆದರೂ ಮೊಳೆ ಅತ್ತೆ ಪುಟಪುಟವಾಗಿ ಹುಡುಕಿದಳು. ನಡುವೆ ಒಂದು ಕಡೆ ಕೆಳಗಿನ ಪದ ಎದುರುಪುಟಕ್ಕೆ ಹೊಂದುತ್ತಿರಲಿಲ್ಲ. ಹಾಳೆಯನ್ನು ಅಲ್ಲಿ ಇಟ್ಟಳು. ಹಿಂದೂ ತಾಳೆ, ಮುಂದೂ ತಾಳೆ. ಎರಡು ತೂತುಗಳೂ ಕೂಡಿದವು. ಅತ್ತಿಗೆ ಚುಕ್ಕೆ ಎಣಿಸಿ ಸರಿ ಎಂದರು. ಈಗ ಸಣ್ಣಪ್ಪನಲ್ಲಿ ನೂರ ಹತ್ತೊಂಬತ್ತು.

ಅಣ್ಣ ಪಟ್ಟಿ ತೆಗೆದು ನೋಡಿದ. ಮುಖ ಸಣ್ಣದಾಯಿತು.

"ತೆಗೆದುಬಿಡು," ಎಂದ.

"ಅದರ ಜಾಗ ಅದೇ ಅಣ್ಣ."

"ಮುತ್ತಜ್ಜ ನೂರ ಹದಿನೆಂಟು ಅಂತ ಬರೆದಿದ್ದಾರೆ. ಅವರಿಗಿಂತ ನಿನಗೆ ಗೊತ್ತಾ? ಓದೋಕೆ ಬರೋರು ಅವರು." ಆಮೇಲೆ ದನಿ ತಗ್ಗಿಸಿದ. "ನೋಡು, ಮಿಕ್ಕಿದ್ದೆಲ್ಲ ಸರಿ ಇದೆ. ಅದೊಂದು ಹಾಳೆ ನಿನ್ನ ಟ್ರಂಕಿನಲ್ಲಿ ಇಟ್ಕೊ. ಯಾರಿಗೆ ಗೊತ್ತಾಗತ್ತೆ? ಇಲ್ಲಾಂದ್ರೆ ಒಂದು ಹಾಳೆಗೋಸ್ಕರ ಎಲ್ಲಾ ಮೂರು ಪಾಲಾಗತ್ತೆ."

ಮಾತು ಸುಳ್ಳಲ್ಲ. ಮೊಳೆ ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಒಂದು ಹಾಳೆ ಎತ್ತಿಟ್ಟರೆ ನೂರ ಎಂಬತ್ತೇಳು ಪುಸ್ತಕಗಳು ಒಟ್ಟಿಗೆ ಉಳಿಯುತ್ತವೆ. ಒಳಗೇ ಬಿಟ್ಟರೆ ಎಲ್ಲ ಕೈಬಿಟ್ಟು ಹೋಗಬಹುದು. ಎರಡು ಸಲ ಸಣ್ಣಪ್ಪನನ್ನು ಕೈಗೆತ್ತಿಕೊಂಡಳು, ಎರಡು ಸಲವೂ ಹಾಗೇ ಇಟ್ಟಳು. ಗೊತ್ತಿಲ್ಲದೆ ಅನಾಥ ಮಾಡಿದವರು ಬೇರೆ. ಇದರ ಮನೆ ಯಾವುದೆಂದು ತನಗೆ ಗೊತ್ತಿದೆ. ಗೊತ್ತಿದ್ದೂ ಹೊರಗೆ ಹಾಕಲು ಅವಳ ಕೈ ಬರಲಿಲ್ಲ. ಹಾಳೆ ಒಳಗೇ ಉಳಿಯಿತು.

ಪಂಡಿತರು ಬೆಳಗ್ಗೆ ಒಂಬತ್ತಕ್ಕೇ ಬಂದರು. ತಮ್ಮನೂ ಬಂದಿದ್ದ, ಜೇಬಿನಲ್ಲಿ ಅಳತೆಯ ಟೇಪು ಸಮೇತ. ನಡುಮನೆಯ ಜಮಖಾನದ ಮೇಲೆ ಪುಸ್ತಕಗಳನ್ನು ಹರಡಿ ಒಂದೊಂದನ್ನೇ ಎಣಿಸತೊಡಗಿದರು. ಹತ್ತು ಪುಸ್ತಕ ಮುಗಿಯುವಷ್ಟರಲ್ಲಿ ಅವರ ಹುಬ್ಬು ಮೇಲೇರಿತು. ಐವತ್ತು ಮುಗಿಯುವಷ್ಟರಲ್ಲಿ ಎಣಿಸುವುದರ ನಡುವೆ ಸೇರಿಸಿದ ಹಾಳೆಗಳನ್ನು ಹುಡುಕಿ ಹುಡುಕಿ ಓದತೊಡಗಿದರು. "ಸರಿ ಇದೆ" ಎನ್ನುವರು, ಇನ್ನೊಂದು ತೆಗೆಯುವರು, "ಇದೂ ಸರಿ ಇದೆಯಲ್ಲ" ಎನ್ನುವರು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಮೊಳೆ ಅತ್ತೆ ಗೋಡೆಗೆ ಒರಗಿ, ಸೆರಗಿನ ತುದಿ ಹಿಂಡುತ್ತ, ಹಳದಿ ಸಣ್ಣಪ್ಪ ಅವರ ಕೈಗೆ ಬರುವುದನ್ನೇ ಕಾಯುತ್ತಿದ್ದಳು.

ಬಂತು. ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ನೂರ ಹತ್ತೊಂಬತ್ತು. ಪಟ್ಟಿಯಲ್ಲಿ ನೂರ ಹದಿನೆಂಟು."

ತಮ್ಮ ನೆಟ್ಟಗೆ ಕೂತ. ಅಣ್ಣ ಕಣ್ಣು ಮುಚ್ಚಿಕೊಂಡ.

"ಪಟ್ಟಿ ತಪ್ಪಿದೆ," ಎಂದಳು ಮೊಳೆ ಅತ್ತೆ, ಕಡ್ಡಿ ಮುರಿದ ಹಾಗೆ.

ಆ ಮನೆಯಲ್ಲಿ ಆ ಮಾತು ಅದುವರೆಗೆ ಯಾರೂ ಆಡಿರಲಿಲ್ಲ. ಪಂಡಿತರು ಕನ್ನಡಕ ಒರೆಸಿಕೊಂಡು, "ಯಾವ ಹಾಳೆ?" ಎಂದರು. ತೋರಿಸಿದಳು. ಅವರು ಹಿಂದಿನ ಪುಟದಿಂದ ತುಟಿಯಲ್ಲೇ ಓದತೊಡಗಿದರು. ಹಾಳೆ ಮಗುಚಿದರು. ಮುಂದಿನದಕ್ಕೆ ಹೋದರು. ಆಮೇಲೆ ಆ ಹಾಳೆಯನ್ನು ಬೆರಳಿನಲ್ಲಿ ಮುಚ್ಚಿಕೊಂಡು ಮತ್ತೆ ಹಿಂದಿನಿಂದ ಓದಿದರು. ಇದ್ದಕ್ಕಿದ್ದಂತೆ ಅವರ ಹೊಟ್ಟೆ ಕುಲುಕತೊಡಗಿತು, ಆಮೇಲೆ ಭುಜ, ಕೊನೆಗೆ ಪುಸ್ತಕ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಇದು ವೈದ್ಯದ ಪುಸ್ತಕ ಕಣಮ್ಮ. ಮೊದಲ ಅರ್ಧ ಮನುಷ್ಯರಿಗೆ, ಉಳಿದದ್ದು ಕುದುರೆಗಳಿಗೆ. ಈ ಹಾಳೆ ಇಲ್ಲದೆ ಓದಿದ್ರೆ ಹೀಗಾಗತ್ತೆ, ಕೇಳಿ. ತಲೆನೋವು ಬಂದವನನ್ನ ಕತ್ತಲೆ ಕೋಣೆಯಲ್ಲಿ ಮಲಗಿಸಿ, ಹಣೆಗೆ ಒದ್ದೆ ಬಟ್ಟೆ ಹಾಕಿ, ನೋವು ಇಳಿದ ಮೇಲೆ, ಹಿಂಗಾಲು ಎತ್ತಿ ಹಿಡಿದು ಗೊರಸು ಹೆರೆದು ಹೊಸ ಲಾಳ ಹೊಡೀಬೇಕು."

ಅತ್ತಿಗೆ ಮೊದಲು ನಕ್ಕರು. "ಇವರಿಗೂ ದಿನಾ ತಲೆನೋವು," ಎಂದು ಅಣ್ಣನ ಕಾಲು ತೋರಿಸಿದರು. ತಮ್ಮ ಹೊಟ್ಟೆ ಹಿಡಿದುಕೊಂಡು ಜಮಖಾನದ ಮೇಲೆ ಉರುಳಿದ. ಪಂಡಿತರು ಈಗ ಹಾಳೆ ಸೇರಿಸಿ ಓದಿದರು: ನೋವು ಇಳಿದ ಮೇಲೆ ಬಿಸಿ ಹಾಲು ಕೊಟ್ಟು ನಿದ್ದೆ ಮಾಡಲು ಬಿಡಬೇಕು, ಇಲ್ಲಿಗೆ ಮನುಷ್ಯರ ಭಾಗ ಮುಗಿಯಿತು, ಇನ್ನು ಕುದುರೆಗಳದು, ಕುದುರೆ ಕುಂಟುತ್ತಿದ್ದರೆ ಹಿಂಗಾಲು ಎತ್ತಿ ಹಿಡಿದು. ಹಾಳೆಯ ಮೇಲೆ ಕೈಯಿಟ್ಟು ಹೇಳಿದರು: "ನಿಮ್ಮ ಮುತ್ತಜ್ಜ ಪಟ್ಟಿ ಬರೆಯೋಕೆ ಮುಂಚೆಯೇ ಇದು ಬಿದ್ದುಹೋಗಿತ್ತು. ಅವರ ಕಣ್ಣಿಗೆ ಬೀಳಲಿಲ್ಲ."

ನಗು ನಿಂತಿತು. ಅಣ್ಣ ನಕ್ಕಿರಲೇ ಇಲ್ಲ. ಅವನು ಪಟ್ಟಿಯ ಮೇಲಿನ ರೇಷ್ಮೆ ಬಟ್ಟೆಯನ್ನು ಮಡಿಸುತ್ತ, ಬಿಚ್ಚುತ್ತ, ಮತ್ತೆ ಮಡಿಸುತ್ತ ಕೂತಿದ್ದ.

"ಹಾಗಾದ್ರೆ ಮುತ್ತಜ್ಜ ಇದನ್ನ ಓದಿರಲೇ ಇಲ್ವಾ?" ಎಂದ. ಎಪ್ಪತ್ತೊಂದು ವರ್ಷದ ಮನುಷ್ಯನ ದನಿ ಶಾಲೆಯ ಹುಡುಗನ ದನಿಯಂತಾಗಿತ್ತು.

ಗೆದ್ದೆನೆಂಬ ಮೊಳೆ ಅತ್ತೆಯ ಸಂತೋಷವೆಲ್ಲ ಎಲ್ಲೋ ಹೋಯಿತು. ಅಣ್ಣನ ಪಕ್ಕ ಹೋಗಿ ಕೂತಳು.

"ಎಣಿಸೋವಾಗ ಯಾರೂ ಓದಲ್ಲ ಅಣ್ಣ. ಎಣಿಸೋದು ಬೇರೆ ಕೆಲಸ. ನಾನು ಮೂವತ್ತೆಂಟು ವರ್ಷ ಎಷ್ಟು ಪುಸ್ತಕ ಜೋಡಿಸಿದ್ದೀನಿ, ಒಂದರಲ್ಲಿ ಏನಿತ್ತು ಅಂತ ಕೇಳು, ಹೇಳಕ್ಕಾಗಲ್ಲ. ಮುತ್ತಜ್ಜನಿಗೆ ಅಷ್ಟೊತ್ತಿಗೆ ವಯಸ್ಸಾಗಿತ್ತು. ಕಣ್ಣು ಮಂಜಾಗಿತ್ತೋ ಏನೋ. ಇಷ್ಟೆಲ್ಲ ಹೊತ್ತು ತಂದೋರು ಅವರೇ ಅಲ್ವಾ?"

ಅಣ್ಣ ಅವಳ ಮುಖ ನೋಡಿದ.

ತಮ್ಮ ಕಣ್ಣೊರೆಸಿಕೊಂಡು, "ಕಮಿಟಿಯವರು ಏನಂತಾರೆ ಸ್ವಾಮಿ ಈಗ?" ಎಂದ. ಮೂರು ಪಾಲಿನ ಮಾತು ಅವನೇ ಮರೆತಂತಿತ್ತು.

"ಪಟ್ಟಿ ಮನೆಯವರದ್ದು. ಮನೆಯವರೇ ತಿದ್ದಿ ರುಜು ಹಾಕಿದ್ರೆ ತಾಳೆ ಆದ ಹಾಗೇ," ಎಂದರು ಪಂಡಿತರು. "ಯಾರು ತಿದ್ತೀರಿ?"

ಎಲ್ಲರೂ ಅಣ್ಣನ ಕಡೆ ನೋಡಿದರು. ಅವನು ಪಟ್ಟಿಯನ್ನು ತನ್ನ ಕೈಯಾರೆ ಬಿಚ್ಚಿ, ಆ ಸಾಲು ಹುಡುಕಿ, ತಂಗಿಯ ತೊಡೆಯ ಮೇಲೆ ಇಟ್ಟ. ತನ್ನ ಪೆನ್ನು ತೆಗೆದು ಅವಳ ಕೈಗೆ ಕೊಟ್ಟ. "ನೀನೇ ತಿದ್ದು," ಎಂದ.

ಅವಳು ಪ್ರೂಫ್ ತಿದ್ದುವ ರೀತಿಯಲ್ಲೇ ತಿದ್ದಿದಳು. ಮುತ್ತಜ್ಜನ ಅಂಕಿಯ ಮೇಲೆ ಒಂದೇ ಒಂದು ಸಣ್ಣ ಗೆರೆ, ಹಳೆಯದು ಕಾಣುವ ಹಾಗೆ. ಬದಿಯಲ್ಲಿ 119. ಕೆಳಗೆ ತನ್ನ ರುಜು. ರುಜು ಹಾಕುವಾಗ ಕಣ್ಣು ತುಂಬಿ ಕಾಗದ ಮಸುಕಾಯಿತು, ಹನಿ ಬೀಳದ ಹಾಗೆ ಮುಖ ಆಚೆ ತಿರುಗಿಸಿಕೊಂಡಳು.

ಪಂಡಿತರು ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡರೂ ಏಳಲಿಲ್ಲ. ಪೆನ್ಸಿಲು ತಿರುಗಿಸುತ್ತ ಏನೋ ಹೇಳಲು ಹಿಂದೆಮುಂದೆ ನೋಡಿದರು.

"ನಮ್ಮ ಗ್ರಂಥಾಲಯದಲ್ಲೂ ಬಿಡಿ ಹಾಳೆ ಇವೆಯಮ್ಮ. ಕಮಿಟಿಯವರಿಗೆ ಹೇಳಿಲ್ಲ. ನೆಲಮಾಳಿಗೆಯಲ್ಲಿ ಹನ್ನೊಂದು ಪೆಟ್ಟಿಗೆ."

"ಹನ್ನೊಂದಾ?"

"ಹನ್ನೊಂದು. ನೀವು ವಾರಕ್ಕೆ ಮೂರು ದಿನ ಬಂದ್ರೆ, ಸಂಬಳ ಕೊಡಿಸೋ ಜವಾಬ್ದಾರಿ ನನ್ನದು."

"ನನಗೆ ಓದೋಕೆ ಬರಲ್ಲ ಸ್ವಾಮಿ."

"ಓದೋಕೆ ನಾನಿದ್ದೀನಿ. ಓದೋ ನಾನು ನಲವತ್ತು ವರ್ಷದಲ್ಲಿ ಒಂದು ಪೆಟ್ಟಿಗೆ ಮುಗಿಸಿಲ್ಲ."

ಮೊಳೆ ಅತ್ತೆ ಉತ್ತರ ಕೊಡುವಷ್ಟರಲ್ಲಿ ಅತ್ತಿಗೆ ಎದ್ದು ನಿಂತಿದ್ದರು. "ಅವಳೊಬ್ಬಳೇ ಬರಲ್ಲ," ಎಂದರು ಪಂಡಿತರಿಗೆ. "ಚುಕ್ಕೆ ನೋಡೋದು ನಾನು."